ಹೊಳೆಕರೆಯ ಮುದುಕಿ ಹೇಳಿದ ಮಾತು

ಒಪ್ಪಂದದ ಪ್ರಕಾರ ಆ ಸಿನಿಮಾದ ಹೆಸರನ್ನು ನಾನು ಹೇಳುವಂತಿಲ್ಲ. ಜಪಾನಿನ ಆ್ಯನಿಮೇಷನ್ ಚಿತ್ರ, ಕತೆ ನಡೆಯುವುದು ಸತ್ತವರ ಲೋಕದಲ್ಲಿ ಎಂದಷ್ಟು ಹೇಳಬಹುದು. ತೀರಿಹೋದ ತಮ್ಮನನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ಜೀವಂತವಾಗಿ ಅಲ್ಲಿಗೆ ಇಳಿಯುತ್ತಾಳೆ. ಅಲ್ಲೊಂದು ಹೊಳೆ ಇದೆ. ಹೊಳೆಯ ಈಚೆ ದಡದಲ್ಲಿ ಸತ್ತ ಮಕ್ಕಳು ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟುತ್ತಾರೆ. ಕಟ್ಟಿ ಮುಗಿಯುವ ಹೊತ್ತಿಗೆ ಕೊಂಬು ಹೊತ್ತ ಕಾವಲುಗಾರರು ಬಂದು ಒದ್ದು ಕೆಡವುತ್ತಾರೆ. ಮಕ್ಕಳು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ದಡದ ಮರದ ಬುಡದಲ್ಲಿ ಒಬ್ಬಳು ಮುದುಕಿ ಕುಳಿತಿರುತ್ತಾಳೆ. ಹೊಳೆ ದಾಟಲು ಬಂದವರ ಬಟ್ಟೆ ಕಳಚಿ ಕೊಂಬೆಗೆ ತೂಗುಹಾಕುವುದು, ಕೊಂಬೆ ಎಷ್ಟು ಬಗ್ಗಿತೆಂದು ನೋಡಿ ಅವರ ಪಾಪ ಅಳೆಯುವುದು ಅವಳ ಕೆಲಸ.

ನನಗೆ ವಹಿಸಿದ್ದು ಎರಡು ಕೆಲಸ. ಒಂದು, ಡಬ್ಬಿಂಗಿಗೆ ಕನ್ನಡ ಸಂಭಾಷಣೆ ಬರೆಯುವುದು. ಇನ್ನೊಂದು, ಅದರ ದಾಖಲೆ ಸಿದ್ಧಪಡಿಸುವುದು. ಅಲ್ಲಿನ ನಂಬಿಕೆಗೆ ಸೇರಿದ ಪ್ರತಿಯೊಂದು ಪದಕ್ಕೂ ಮೂಲದ ಅರ್ಥವೇನು, ಕನ್ನಡದಲ್ಲಿ ಏನು ಹಾಕಿದ್ದೇನೆ, ಯಾಕೆ ಹಾಕಿದ್ದೇನೆ, ಏನು ಕಳೆದುಹೋಯಿತು ಎಂದು ಜಪಾನಿ ಭಾಷೆಯಲ್ಲಿ ಬರೆದು ಕಳಿಸಬೇಕು. ನಿರ್ಮಾಪಕರ ಕಡೆಯ ಸಮನ್ವಯಕಿ ಅದನ್ನು ಓದಿ ಒಪ್ಪಿದ ಮೇಲೆಯೇ ಮಾತು ಅಂತಿಮ. ನರ್ಸಿಂಗ್ ಮುಗಿಸಿ ಜಪಾನಿಗೆ ಹೊರಟವರಿಗೆ ಭಾಷೆ ಕಲಿಸುವ ನಾನು ಅಲ್ಲಿಯವರೆಗೆ ಆಸ್ಪತ್ರೆಯ ಮಾತನ್ನು ಅನುವಾದಿಸಿದ್ದೆನೇ ಹೊರತು ಸತ್ತವರ ಮಾತನ್ನಲ್ಲ.

ಬರೆಯುತ್ತಿದ್ದದ್ದು ಜೆಪ್ಪುವಿನ ನಮ್ಮ ಮನೆಯಲ್ಲಿ, ಧ್ವನಿಮುದ್ರಣ ಬಂದರಿನಲ್ಲಿ. ಸ್ಟುಡಿಯೋ ಇದ್ದದ್ದು ಒಣಮೆಣಸಿನ ಗೋದಾಮಿನ ಮಹಡಿಯ ಮೇಲೆ. ಅದರ ಮಾಲೀಕರು ದುಬೈಯಲ್ಲಿ ಬಹಳ ವರ್ಷ ಸೌಂಡ್ ಇಂಜಿನಿಯರ್ ಆಗಿದ್ದು ಊರಿಗೆ ಮರಳಿದ ಬ್ಯಾರಿ ಮುಸ್ಲಿಮರು. ಕೆಳಗಿನ ಗೋದಾಮು ಅವರ ಅಣ್ಣನದ್ದು. ಗೋಡೆಗೆ ಎಷ್ಟು ಫೋಮ್ ಅಂಟಿಸಿದರೂ ಲಾರಿಯಿಂದ ಮೂಟೆ ಬೀಳುವ ಸದ್ದು ನೆಲದ ಮೂಲಕ ಮೈಕಿಗೆ ಹತ್ತುತ್ತಿತ್ತು. ಲಾರಿ ಬಂದಾಗ ನಿಲ್ಲಿಸುವುದು, ಮಸೀದಿಯ ಬಾಂಗ್ ಆಗುವಾಗ ನಿಲ್ಲಿಸುವುದು, ದೋಣಿಗಳ ಇಂಜಿನ್ ದೂರವಾದ ಮೇಲೆ ಮತ್ತೆ ಶುರುಮಾಡುವುದು. ಹೀಗೆ ನಮ್ಮ ದಿನಚರಿ ತಾನಾಗಿಯೇ ಸಿದ್ಧವಾಯಿತು.

ಮೊದಲ ಕರಡು ಸುಲಭವಾಗಿ ಮುಗಿದಿತ್ತು. ಜಪಾನಿ ವಾಕ್ಯದಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೇ ಬರುತ್ತದೆ. ಹಾಗಾಗಿ ನನ್ನ ವಾಕ್ಯ ಹೆಚ್ಚಿನ ಕಡೆ ಪಾತ್ರದ ಬಾಯಿ ಮುಚ್ಚುವಲ್ಲಿಗೇ ಬಂದು ನಿಲ್ಲುತ್ತಿತ್ತು. ಹೆಸರುಗಳನ್ನೂ ಹುಡುಕಬೇಕಿರಲಿಲ್ಲ. ಅಲ್ಲಿನ ಸಾವಿನ ರಾಜ ನಮ್ಮ ಯಮನೇ, ಬೌದ್ಧರ ಜೊತೆ ಚೀನಾ ದಾಟಿ ಹೋದವನು. ಹೊಳೆಯನ್ನು ವೈತರಣಿ ಎಂದೆ, ಕಡತ ಓದುವವನನ್ನು ಚಿತ್ರಗುಪ್ತ ಎಂದೆ, ಲೋಕವನ್ನು ನರಕ ಎಂದೆ. ರಾಜನ ಪಾತ್ರಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಒಬ್ಬರನ್ನು ಕರೆಸಿದೆವು. ಅವರು ಹಾಳೆ ನೋಡಿದ್ದೇ ತಡ, "ಎಲವೋ ಮಾನವ ಶಿಶುವೇ" ಎಂದು ಮಹಡಿ ನಡುಗುವಂತೆ ಆರಂಭಿಸಿದರು.

ಯಕ್ಷಗಾನವೆಂದೇ ತಿಳಿದು ಕೆಳಗಿನಿಂದ ಹಮಾಲಿಯೊಬ್ಬರು ಕೂಗಿ ಕೇಳಿದರು: "ಭಾಯ್, ಮೇಲೆ ಆಟ ಉಂಟಾ? ಚೆಂಡೆ ಎಲ್ಲಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಮಾದರಿಯನ್ನು ಜಪಾನಿಗೆ ಕಳಿಸಿದೆ. ಸಮನ್ವಯಕಿಯ ಉತ್ತರ ಎಂದಿನಂತೆ ವಿನಯದಿಂದ ತುಂಬಿತ್ತು. ಧ್ವನಿ ಬಹಳ ಶಕ್ತಿಯುತವಾಗಿದೆ, ಕೇಳಿ ಸಂತೋಷವಾಯಿತು. ಆದರೆ ನಮ್ಮ ರಾಜ ದಣಿದ ಗುಮಾಸ್ತನಂಥವನು, ಅವನಿಗೆ ಸಿಟ್ಟು ಬರುವುದಿಲ್ಲ, ದಯವಿಟ್ಟು ಗಮನಿಸಿ.

ನಾನು ಮತ್ತೆ ಚಿತ್ರ ನೋಡಿದೆ. ಅವರು ಹೇಳಿದ್ದು ನಿಜ. ಹೆಸರು ಒಂದೇ ಎಂಬ ಕಾರಣಕ್ಕೆ ನಾನು ನಮ್ಮ ಯಮನನ್ನು ತಂದು ಅವರ ಕುರ್ಚಿಯಲ್ಲಿ ಕೂರಿಸಿದ್ದೆ. ಕರಡನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯತೊಡಗಿದೆ.

ಎರಡನೆಯ ಕರಡಿನಲ್ಲಿ ಪ್ರತಿ ಹೆಸರೂ ಸತಾಯಿಸಿತು. ಕೊಂಬಿನ ಕಾವಲುಗಾರರನ್ನು ಭೂತ ಎನ್ನುವ ಹಾಗಿಲ್ಲ. ನಮ್ಮಲ್ಲಿ ಭೂತ ಎಂದರೆ ಕೈಮುಗಿಯುವ ದೈವ. ರಕ್ಕಸರು ಎಂದರೆ ಮತ್ತೆ ಯಕ್ಷಗಾನ. ಕೊನೆಗೆ ಬರೀ 'ಕೊಂಬಿನವರು' ಎಂದು ಬಿಟ್ಟೆ. ಕಲ್ಲು ಪೇರಿಸುವ ಮಕ್ಕಳಿರುವ ಜಾಗವನ್ನು ನರಕ ಎಂದು ಬರೆದರೆ ಆ ಮಕ್ಕಳು ನರಕಕ್ಕೆ ಬಿದ್ದವರಾಗುತ್ತಾರೆ. ಅಪ್ಪ ಪುರೋಹಿತರು. ಶ್ರಾದ್ಧ, ಅಪರಕರ್ಮ ಮಾಡಿಸಿ ಕೂದಲು ಹಣ್ಣಾದವರು. ಊಟಕ್ಕೆ ಕುಳಿತಾಗ ಅವರಲ್ಲಿ ಕೇಳಿದೆ, ತೀರಾ ಸಣ್ಣ ಮಕ್ಕಳು ಸತ್ತರೆ ಎಲ್ಲಿಗೆ ಹೋಗುತ್ತಾರೆ ಎಂದು.

"ಹಲ್ಲು ಬರುವ ಮೊದಲು ಹೋದ ಮಗುವಿಗೆ ಶ್ರಾದ್ಧ ಇಲ್ಲ," ಎಂದರು. "ಹೂಳುವುದು, ಸ್ನಾನ ಮಾಡುವುದು. ಅಷ್ಟೇ."

"ಅದು ಗೊತ್ತುಂಟು. ಹೋಗುವುದು ಎಲ್ಲಿಗೆ?"

ಅಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಹಾಗೆ ಯಾರೂ ನನ್ನಲ್ಲಿ ಕೇಳಿದ್ದಿಲ್ಲ. ಕೇಳಿದರೆ ಹೇಳ್ಲಿಕ್ಕೆ ನನಗೆ ಗೊತ್ತೂ ಇಲ್ಲ."

ಮರುದಿನ ಸ್ಟುಡಿಯೋದಲ್ಲಿ ಈ ಮಾತು ಬಂದಾಗ ಮಾಲೀಕರು ತಕ್ಷಣ ಉತ್ತರಿಸಿದರು. ಅವರಲ್ಲಿ ಸಣ್ಣ ಮಕ್ಕಳು ನೇರ ಸ್ವರ್ಗಕ್ಕೆ ಹೋಗುತ್ತಾರಂತೆ, ಬಾಗಿಲಲ್ಲಿ ನಿಂತು ತಾಯಿ ತಂದೆಯ ಕೈಹಿಡಿದು ಒಳಗೆ ಕರೆದುಕೊಳ್ಳುತ್ತಾರಂತೆ. "ನಿಮ್ಮ ಸಿನಿಮಾದವರು ಮಕ್ಕಳಿಗೆ ಭಾರಿ ಕಷ್ಟ ಕೊಟ್ಟಿದ್ದಾರೆ ಮೇಡಂ," ಎಂದು ಹೆಡ್‌ಫೋನ್ ಹಾಕಿಕೊಂಡರು.

ಮತ್ತೆ ಚಿತ್ರದ ಮುಂದೆ ಕುಳಿತೆ. ಮಕ್ಕಳು ಇನ್ನೂ ಹೊಳೆ ದಾಟಿಯೇ ಇಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು. ಮೂಲದ ಪದವೂ ಬರೀ ಹೊಳೆಯ ಬದಿಯ ಕಲ್ಲುನೆಲ ಎಂದೇ ಹೇಳುತ್ತದೆ. ನಾನು 'ಹೊಳೆಕರೆ' ಎಂದು ಬರೆದೆ. ಕಡಲ ದಡವನ್ನು ಕಡಲಕರೆ ಎನ್ನುವ ನಮ್ಮ ಕಡೆಯವರಿಗೆ ಅದು ವಿವರಣೆ ಇಲ್ಲದೆ ಅರ್ಥವಾಗುತ್ತದೆ. ಘಟ್ಟದ ಮೇಲಿನವರಿಗೆ ಸ್ವಲ್ಪ ಹೊಸದಾದರೂ ಚಿತ್ರದಲ್ಲಿ ಹೊಳೆ ಕಾಣುತ್ತಿರುತ್ತದೆ. ಸಮನ್ವಯಕಿ ಒಪ್ಪಿದರು. ಅಲ್ಲಿಂದ ಕೆಲಸ ಹಳಿಗೆ ಬಂತು.

ಮುದುಕಿಯ ಪಾತ್ರಕ್ಕೆ ಬಂದವರು ಉಳ್ಳಾಲದ ಒಬ್ಬ ಹಿರಿಯ ನಟಿ. ತುಳು ನಾಟಕಗಳಲ್ಲಿ ಅತ್ತೆ, ಸಾಹುಕಾರ್ತಿ, ಜಗಳಗಂಟಿಯರ ಪಾತ್ರ ಮಾಡಿ ಇಡೀ ಜಿಲ್ಲೆಯನ್ನು ನಗಿಸಿದವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ಬಸ್ಸಿನಲ್ಲಿ ಬಂದು, ಮೆಣಸಿನ ಘಾಟಿಗೆ ಎರಡು ಸಲ ಸೀನಿ, ಮೈಕಿನ ಮುಂದೆ ನಿಂತರೆ ಕೆಲಸ ಮುಗಿಯುವವರೆಗೆ ಕೂರುತ್ತಿರಲಿಲ್ಲ. ಡಬ್ಬಿಂಗಿನಲ್ಲಿ ದೃಶ್ಯವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಮತ್ತೆ ಮತ್ತೆ ಓಡಿಸುತ್ತಾರೆ. ಕಿವಿಯಲ್ಲಿ ಮೂಲದ ಧ್ವನಿ, ಎದುರಿಗೆ ಪಾತ್ರದ ಬಾಯಿ. ಅವರಿಗೆ ಅದು ಹೊಸತು. ಆದರೂ ಬೇಗ ಹಿಡಿದರು. ತುಟಿ ಮುಚ್ಚುವಲ್ಲಿ ಪ, ಬ, ಮ ಇಲ್ಲದಿದ್ದರೆ ಅವರೇ ಮೊದಲು ಹೇಳುತ್ತಿದ್ದರು: "ಟೀಚರೇ, ಅವಳು ಬಾಯಿ ಮುಚ್ಚಿದಳು, ನಾನು ಮುಚ್ಚಲಿಲ್ಲ. ಬೇರೆ ಕೊಡಿ."

ಮುದುಕಿಯ ಮಾತೆಲ್ಲ ಮುಗಿದು ಒಂದು ತುಂಡು ಉಳಿಯಿತು. ಹುಡುಗಿ ಕಲ್ಲು ಪೇರಿಸುವ ಮಕ್ಕಳನ್ನು ತೋರಿಸಿ, ಇವರು ಮಾಡಿದ್ದಾದರೂ ಏನು ಎಂದು ಕೇಳುತ್ತಾಳೆ. ಮುದುಕಿಯ ಮುಖ ಪರದೆ ತುಂಬ ಬರುತ್ತದೆ. ನಾನು ಬರೆದ ಉತ್ತರ: "ಹೆತ್ತವರಿಗಿಂತ ಮೊದಲು ಸತ್ತದ್ದೇ ಇವರ ಪಾಪ."

ತುಂಡು ಓಡಿತು. ಅಕ್ಕ ಬಾಯಿ ತೆರೆಯಲಿಲ್ಲ. ಮತ್ತೆ ಓಡಿಸಿದರು. ಆಗಲೂ ಇಲ್ಲ. ಗಂಟಲು ಕಟ್ಟಿರಬೇಕು ಎಂದುಕೊಂಡು ಮಾಲೀಕರು ಬಿಸಿನೀರು ತರಿಸಿದರು. ಅಕ್ಕ ಹೆಡ್‌ಫೋನ್ ತೆಗೆದಿಟ್ಟು ಹೊರಗಿನ ಮೊಗಸಾಲೆಗೆ ಹೋದರು. ನಾನು ಅವರ ಹಿಂದೆ ಹೋದೆ. ಎದುರಿಗೆ ಹೊಳೆ, ದಡಕ್ಕೆ ಕಟ್ಟಿದ ದೋಣಿಗಳು.

"ಈ ಮಾತು ನಾನು ಹೇಳುವುದಿಲ್ಲ ಟೀಚರ್," ಎಂದರು.

"ಯಾಕೆ ಅಕ್ಕ? ಎಂತ ಆಯ್ತು?"

"ನನಗೆ ಒಬ್ಬಳು ಮಗಳಿದ್ದಳು. ಶಾಲೆಗೆ ಹೋಗ್ತಿದ್ದಳು. ಜ್ವರ ಬಂತು, ಹೋದಳು." ಅವರ ದನಿಯಲ್ಲಿ ಏರಿಳಿತ ಇರಲಿಲ್ಲ. "ಅವಳು ಇದ್ದಿದ್ದರೆ ಮದುವೆಯ ಪ್ರಾಯ ಆಗ್ತಿತ್ತು. ಆಗ ಮನೆಯಲ್ಲಿ ಒಂದೊಂದೇ ತೊಂದರೆ ಶುರುವಾಯ್ತು. ಜೋಯಿಸರಲ್ಲಿ ಕೇಳಿಸಿದಾಗ ಮಗಳಿಗೆ ಮದುವೆ ಆಗಬೇಕು ಅಂತ ಬಂತು. ಇನ್ನೊಂದು ಮನೆಯಲ್ಲಿ ಹಾಗೆಯೇ ಹೋದ ಹುಡುಗ ಇದ್ದ. ಕುಲೆ ಮದಿಮೆ ಮಾಡಿಸಿದೆವು. ಸೀರೆ, ಬಳೆ, ಕರಿಮಣಿ, ಎಲ್ಲ ನಾನೇ ಹೋಗಿ ತಂದದ್ದು. ಹುಡುಗನ ಮನೆಯವರು ಇವತ್ತಿಗೂ ನಮ್ಮಲ್ಲಿಗೆ ಬಂದು ಹೋಗ್ತಾರೆ."

ತೀರಿಹೋದ ಮಕ್ಕಳು ಆಚೆಯೂ ಬೆಳೆಯುತ್ತಾರೆ, ಅವರಿಗೂ ಮದುವೆಯಾಗಬೇಕು ಎಂಬ ಈ ಪದ್ಧತಿ ನನಗೆ ಗೊತ್ತಿತ್ತು. ಮಾಡಿಸಿದವರ ಬಾಯಿಂದ ಕೇಳಿದ್ದು ಮೊದಲ ಸಲ.

"ಮದುವೆ ಮಾಡಿಕೊಟ್ಟ ಮಗಳಿಗೆ, ನೀನು ಪಾಪ ಮಾಡಿದ್ದಿ ಅಂತ ನಾನು ಹೇಳ್ಲಾ?" ಎಂದರು.

ಅವತ್ತು ಮುದ್ರಣ ನಿಲ್ಲಿಸಿದೆವು.

ಡಬ್ಬಿಂಗ್ ಮಾಡಿಸುತ್ತಿದ್ದ ಮುಂಬೈಯ ವಿತರಕರು ಫೋನಿನಲ್ಲಿ ಸಲೀಸಾದ ದಾರಿ ಹೇಳಿದರು: ದಾರಿ ತಪ್ಪಿದ ಮಕ್ಕಳು ಎಂದು ಹಾಕಿ, ಯಾರೂ ಹೋಗಿ ಜಪಾನಿಯಲ್ಲಿ ನೋಡುವುದಿಲ್ಲ. ಅದು ನನ್ನಿಂದ ಆಗದ ಕೆಲಸ. ಹೆತ್ತವರನ್ನು ದುಃಖಕ್ಕೆ ತಳ್ಳಿ ಮುಂಚಿತವಾಗಿ ಹೋಗುವುದು ಪಾಪ ಎಂಬುದು ಅವರ ಹಳೆಯ ನಂಬಿಕೆ. ಚಿತ್ರ ನಿಂತಿರುವುದೇ ಅದರ ಮೇಲೆ. ಕೊನೆಯಲ್ಲಿ ಹುಡುಗಿ ಎದುರಾಗುವುದೂ ಆ ನಂಬಿಕೆಗೇ. ಅದನ್ನು ತೆಗೆದರೆ ಅವಳು ಯಾರೊಡನೆ ಜಗಳವಾಡಿದಂತಾಯಿತು?

ಮನೆಗೆ ಬಂದು ಮೂಲದ ಸಂಭಾಷಣೆಯ ಪಟ್ಟಿ ತೆರೆದೆ. ಜಪಾನಿಯಲ್ಲಿ ಅರ್ಥ ತೋರಿಸುವ ಚಿತ್ರಾಕ್ಷರಗಳೂ ಇವೆ, ಬರೀ ಉಚ್ಚಾರ ತೋರಿಸುವ ಅಕ್ಷರಗಳೂ ಇವೆ. ಮುದುಕಿ ಹೇಳುವ ಪದ 'ತ್ಸುಮಿ'. ಪಾಪಕ್ಕೊಂದು ಚಿತ್ರಾಕ್ಷರವಿದೆ. ಆದರೆ ಆ ಸಾಲಿನಲ್ಲಿ ಪದವನ್ನು ಉಚ್ಚಾರದ ಅಕ್ಷರಗಳಲ್ಲಿ ಬರೆದಿತ್ತು. ಹಾಗೆ ಬರೆದರೆ ತ್ಸುಮಿ ಎಂದರೆ ಪಾಪವೂ ಆಗಬಹುದು, ಪೇರಿಸುವಿಕೆಯೂ ಆಗಬಹುದು. ಮಕ್ಕಳು ಮಾಡುತ್ತಿರುವುದೂ ಅದನ್ನೇ, ಕಲ್ಲು ಪೇರಿಸುವುದನ್ನು. ಬರೆದವರು ಬೇಕೆಂದೇ ಎರಡರ್ಥ ಇಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಕನ್ನಡದಲ್ಲಿ 'ಹೊರೆ' ಸಿಕ್ಕಿತು. ತಲೆಯ ಮೇಲಿನದ್ದೂ ಹೊರೆ, ಮನಸ್ಸಿನ ಮೇಲಿನದ್ದೂ ಹೊರೆ. "ಹೆತ್ತವರಿಗಿಂತ ಮೊದಲು ಬಂದರು. ಅದೇ ಇವರ ಹೊರೆ."

ಅಕ್ಕ ಓದಿ ನೋಡಿ, "ಇದು ಹೇಳ್ತೇನೆ," ಎಂದರು. ಹೇಳಿದರು. ಮಾಲೀಕರಿಗೆ ಮಾತ್ರ ಸಮಾಧಾನವಾಗಲಿಲ್ಲ. ತ್ಸುಮಿಯ 'ಮಿ'ಗೆ ಮುದುಕಿಯ ತುಟಿ ಗಟ್ಟಿಯಾಗಿ ಮುಚ್ಚುತ್ತದೆ, ಹೊರೆಯಲ್ಲಿ ತುಟಿ ಮುಚ್ಚುವ ಅಕ್ಷರವೇ ಇಲ್ಲ. "ಇಷ್ಟು ದೊಡ್ಡ ಮುಖ ಮೇಡಂ, ಎಲ್ಲರಿಗೂ ಕಾಣ್ತದೆ." ಇರಲಿ ಬಿಡಿ ಎಂದೆ. ದಾಖಲೆಯಲ್ಲಿ ಈ ಎರಡರ್ಥದ ಬಗ್ಗೆ ಉದ್ದಕ್ಕೆ, ಸ್ವಲ್ಪ ಹೆಮ್ಮೆಯಿಂದಲೇ ಬರೆದು ಕಳಿಸಿದೆ.

ಉತ್ತರದಲ್ಲಿ ಮೊದಲು ಕ್ಷಮಾಪಣೆ ಇತ್ತು. ಆ ಸಾಲಿನಲ್ಲಿ ಬೆರಳಚ್ಚಿನ ತಪ್ಪಾಗಿದೆ. ಉಚ್ಚಾರದ ಅಕ್ಷರಗಳನ್ನು ಚಿತ್ರಾಕ್ಷರಕ್ಕೆ ಬದಲಾಯಿಸಲು ಟೈಪ್ ಮಾಡಿದವರು ಮರೆತಿದ್ದಾರೆ. ಎರಡರ್ಥ ಉದ್ದೇಶಿಸಿದ್ದಲ್ಲ. ಚಿತ್ರಕತೆಗಾರರಿಗೆ 'ಪಾಪ' ಎಂಬ ಪದವೇ ಬೇಕು. ಕೊನೆಯಲ್ಲಿ ಹುಡುಗಿ ಅಲ್ಲಗಳೆಯುವುದು ಅದನ್ನೇ. ನಿಮ್ಮ ಶ್ರಮಕ್ಕೆ ಕೃತಜ್ಞತೆಗಳು.

ಒಂದು ಮರೆವಿನ ಮೇಲೆ ಇಡೀ ವಾದ ಕಟ್ಟಿದ್ದೆ.

ಈಗ ನಿರ್ಧಾರ ನನ್ನದಾಗಿತ್ತು. ಆ ಒಂದು ವಾಕ್ಯಕ್ಕೆ ಬೇರೆ ನಟಿಯನ್ನು ಕರೆಸಬಹುದು, ಧ್ವನಿ ಹೊಂದಿಸಲು ಯತ್ನಿಸಬಹುದು ಎಂದು ಮಾಲೀಕರು ಹೇಳಿದರು. ವಿಷಯ ಅಕ್ಕನಿಗೆ ತಿಳಿಯದಂತೆ ಮುಗಿಸಲೂ ಬಹುದಿತ್ತು. ಅವರ ಬಾಯಿಗೆ ಬೇರೆಯವರ ಮಾತನ್ನು ಕದ್ದು ಇಡುವುದು ನನಗೆ ಸರಿಕಾಣಲಿಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು ಉಳ್ಳಾಲಕ್ಕೆ ಹೋದೆ.

ಅಕ್ಕ ಚಾವಡಿಯಲ್ಲಿ ಕೂರಿಸಿ, ಚಹಾ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು. "ಹಾಗಾದರೆ ಬರೆದವರು ಪಾಪ ಅಂತಲೇ ಬರೆದದ್ದು," ಎಂದರು.

"ಹೌದು ಅಕ್ಕ. ನಾನು ತಪ್ಪು ಓದಿದ್ದು."

"ಕೊನೆಗೆ ಮಕ್ಕಳು ಎಂತ ಆಗ್ತಾರೆ? ನೀವು ನನಗೆ ಮುದುಕಿ ಇರುವ ಭಾಗ ಮಾತ್ರ ತೋರಿಸಿದ್ದು."

ಅದು ನಿಜವಾಗಿತ್ತು. ಕಲಾವಿದರಿಗೆ ಅವರ ತುಂಡುಗಳನ್ನಷ್ಟೇ ತೋರಿಸುವುದು ನಮ್ಮ ರೂಢಿ. ನಾನು ಚಿತ್ರವನ್ನು ಮೊದಲಿನಿಂದ ಹಾಕಿದೆ. ಕೊಂಬಿನವರು ಬಂದು ಗೋಪುರ ಒದೆಯುವ ದೃಶ್ಯ ಬಂತು. ಕಲ್ಲುಗಳು ಉರುಳಿದವು. ಒಂದು ಮಗು ಅಳದೆ, ಬಗ್ಗಿ ಮೊದಲ ಕಲ್ಲನ್ನು ಮತ್ತೆ ಹೆಕ್ಕಿತು.

"ಪಾಪ, ಜೋಕುಲು," ಎಂದರು ಅಕ್ಕ ತುಳುವಿನಲ್ಲಿ, ತಮ್ಮಷ್ಟಕ್ಕೇ. ಪಾಪ, ಮಕ್ಕಳು.

ನಾನು ಚಿತ್ರವನ್ನು ನಿಲ್ಲಿಸಲಿಲ್ಲ. ಕೊನೆಯವರೆಗೆ ನೋಡಿದೆವು. ಹುಡುಗಿ ಮಕ್ಕಳಿಗೆ ಗೋಪುರ ಕಟ್ಟುವುದನ್ನು ಬಿಡಿಸಿ, ಅದೇ ಕಲ್ಲುಗಳನ್ನು ಹೊಳೆಯಲ್ಲಿ ಸಾಲಾಗಿ ಇಡಿಸುತ್ತಾಳೆ. ಮಕ್ಕಳು ಅವುಗಳ ಮೇಲೆ ಕಾಲಿಟ್ಟು ದಾಟುತ್ತಾರೆ. ಮುದುಕಿ ತಡೆಯುವುದಿಲ್ಲ, ಮುಖ ತಿರುಗಿಸಿ ಕೂರುತ್ತಾಳೆ. ಅಕ್ಕ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ನಾನು ಹಾಳೆ ತೆಗೆದು ನನ್ನ ಹಳೆಯ ವಾಕ್ಯದಿಂದ 'ಇವರ' ಎಂಬುದನ್ನು ಹೊಡೆದುಹಾಕಿದೆ. 'ಸತ್ತದ್ದೇ' ಎಂಬುದನ್ನೂ ಹೊಡೆದು 'ಬಂದವು' ಎಂದು ಬರೆದೆ. ಉಳಿದದ್ದನ್ನು ಎರಡು ವಾಕ್ಯ ಮಾಡಿ ಅವರ ಮುಂದಿಟ್ಟೆ.

"ಹೆತ್ತವರಿಗಿಂತ ಮೊದಲು ಬಂದವು. ಪಾಪ."

ಅವರು ಅದನ್ನು ಒಮ್ಮೆ ಮನಸ್ಸಿನಲ್ಲೇ ಓದಿದರು. ಇನ್ನೊಮ್ಮೆ ತುಟಿಯಾಡಿಸಿ ಓದಿದರು.

"ಜಪಾನಿನವರು ಕೇಳಿದರೆ ಎಂತ ಹೇಳ್ತೀರಿ?"

"ಪಾಪ ಅಂತಲೇ ಉಂಟು ಅಂತ ಹೇಳ್ತೇನೆ. ಅಯ್ಯೋ ಪಾಪ ಅಂತಲೂ ಕೇಳಬಹುದು, ಅದನ್ನೂ ಬರೀತೇನೆ. ಅಡಗಿಸುವುದಿಲ್ಲ."

"ಬೇಡ ಅಂದರೆ?"

"ಬೇಡ ಅಂದರೆ ನಿಮ್ಮಿಂದ ಹೇಳಿಸುವುದಿಲ್ಲ ಅಕ್ಕ. ಬೇರೆ ಯಾರನ್ನಾದರೂ ನೋಡಿಕೊಳ್ಳಲಿಕ್ಕೆ ಅವರಿಗೆ ಹೇಳ್ತೇನೆ, ನಿಮ್ಮ ಬದಲಿಗೂ ನನ್ನ ಬದಲಿಗೂ."

ಅಕ್ಕ ಹಾಳೆಯನ್ನು ಮಡಚಿದರು. "ಹೇಗೆ ಹೇಳುವುದು ಅಂತ ಮಾತ್ರ ನನಗೆ ಬಿಡಿ," ಎಂದರು.

ಮುದ್ರಣದ ದಿನ ಕೆಳಗೆ ಎರಡು ಲಾರಿ ಒಟ್ಟಿಗೆ ಬಂದವು. ಮೂಟೆ ಇಳಿಸಿ ಮುಗಿಯುವವರೆಗೆ ಅಕ್ಕ ಮೈಕಿನ ಎದುರು ನಿಂತೇ ಇದ್ದರು. ಸದ್ದು ನಿಂತಿತು, ತುಂಡು ಓಡಿತು. ಮೊದಲ ಸಲ ಅವರು ಮೂಲದ ನಟಿಯಂತೆ ಒರಟಾಗಿ, ತೀರ್ಪು ಕೊಟ್ಟ ಹಾಗೆ ಹೇಳಿದರು. ತಾವೇ ತಲೆಯಲ್ಲಾಡಿಸಿದರು. ಎರಡನೆಯ ಸಲ ಮೊದಲ ವಾಕ್ಯವನ್ನು ಹಾಗೆಯೇ ಒರಟಾಗಿ ಹೇಳಿ, ಒಂದು ಉಸಿರು ನಿಂತು, ಕೊನೆಯ ಪದವನ್ನು ಕೆಳದನಿಯಲ್ಲಿ ಇಟ್ಟರು. ಅದು ಬೈಗುಳವೋ ಮರುಕವೋ ಎಂದು ಎದುರಿಗಿದ್ದ ನನಗೇ ಹೇಳಲಾಗುತ್ತಿರಲಿಲ್ಲ.

ಮಾಲೀಕರು ಪರದೆಯ ಮೇಲಿನ ಬಾಯಿಯನ್ನು ನಿಧಾನವಾಗಿ ಓಡಿಸಿ ನೋಡಿದರು. ಮುಚ್ಚಿದ ತುಟಿ 'ಪಾ'ಕ್ಕೆ ತೆರೆಯಿತು, 'ಮಿ'ಗೆ ಮುಚ್ಚುವಲ್ಲಿ ಎರಡನೆಯ 'ಪ' ಬಂದು ಕುಳಿತಿತು. "ಒಂದು ಫ್ರೇಮ್ ಕೂಡ ಸರಿಸಬೇಕಾಗಿಲ್ಲ ಮೇಡಂ," ಎಂದರು. ಅಕ್ಕ ಆಗಲೇ ಮೊಗಸಾಲೆಗೆ ಹೋಗಿದ್ದರು. ಅವರ ಹಿಂದೆ ನಾನು ಹೋಗಲಿಲ್ಲ.

ದಾಖಲೆಯಲ್ಲಿ ಈ ಸಾಲಿನ ಮುಂದೆ ನಾನು ಎರಡೂ ಅರ್ಥ ಬರೆದೆ. ಕನ್ನಡದಲ್ಲಿ ಅಪರಾಧಿಗೆ ಹೇಳುವ ಪದವನ್ನೇ ಅನಾಥನನ್ನು ಕಂಡಾಗಲೂ ಹೇಳುತ್ತೇವೆ ಎಂದು ವಿವರಿಸಿದೆ. ಮೂಲದಲ್ಲಿ ಮರುಕವಿಲ್ಲ, ಕನ್ನಡದಲ್ಲಿ ಅದು ಸೇರಿಕೊಂಡಿದೆ, ಇದು ಅನುವಾದಕಿಯ ಆಯ್ಕೆ ಎಂದೂ ಸೇರಿಸಿದೆ. ಎರಡನೆಯ ಅರ್ಥವನ್ನು ಬರೆಯದೆ ಬಿಟ್ಟಿದ್ದರೆ ಒಪ್ಪಿಗೆ ಆ ದಿನವೇ ಬರುತ್ತಿತ್ತು. ಬರೆದದ್ದರಿಂದ ವಾರವಿಡೀ ಮೌನ. ವಿತರಕರು ದಿನಾ ಫೋನ್ ಮಾಡಿದರು. ಕೊನೆಗೆ ಚಿತ್ರಕತೆಗಾರರು ಆ ತುಂಡಿನ ಧ್ವನಿ ಕೇಳಬೇಕು ಎಂದಿದ್ದಾರೆ ಎಂದು ತಿಳಿಯಿತು. ಕಳಿಸಿದೆ. ಉತ್ತರವಾಗಿ ಒಂದೇ ಷರತ್ತು ಬಂತು: ಕೊನೆಯಲ್ಲಿ ಹುಡುಗಿಯೂ ಅದೇ ಪದ ಬಳಸಬೇಕು. ಹುಡುಗಿಯ ಸಾಲು ಮೊದಲೇ ಹಾಗಿತ್ತು: "ಇವರು ಯಾವ ಪಾಪವನ್ನೂ ಮಾಡಿಲ್ಲ." ಅದನ್ನು ಮುಟ್ಟಬೇಕಾಗಿ ಬರಲಿಲ್ಲ.

ಬಿಡುಗಡೆಗೆ ಮೊದಲು ನಗರದ ಒಂದು ಸಣ್ಣ ಸಭಾಂಗಣದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆಂದು ಪ್ರದರ್ಶನ ಇಟ್ಟರು. ಅಕ್ಕ ನನ್ನ ಪಕ್ಕ ಕುಳಿತು ನೋಡಿದರು. ಮುಗಿದ ಮೇಲೆ ಮೆಟ್ಟಿಲಿಳಿಯುವಾಗ ಮುಂದೆ ಒಬ್ಬ ಹುಡುಗ, ಒಬ್ಬಳು ಹುಡುಗಿ ವಾದ ಮಾಡುತ್ತಿದ್ದರು.

"ಎಂತ ಅಜ್ಜಿ ಅದು! ಸತ್ತ ಮಕ್ಕಳಿಗೆ ಪಾಪ ಮಾಡಿದ್ದೀರಿ ಅಂತ ಹೇಳ್ತಾಳಲ್ಲ," ಎಂದ ಹುಡುಗ.

"ಅಲ್ಲ ಮಾರಾಯ, ಅವಳಿಗೆ ಪಾಪ ಅಂತ ಅನ್ನಿಸಿದ್ದು. ನೀನು ಸರಿ ಕೇಳಲಿಲ್ಲ."

"ನಾನು ಸರಿಯೇ ಕೇಳಿದ್ದು."

ಹುಡುಗಿ ಸಾಕ್ಷಿ ಹುಡುಕುವವಳಂತೆ ಹಿಂದೆ ತಿರುಗಿದಳು. ಯಾರೆಂದು ಗೊತ್ತಿಲ್ಲದೆ ಅಕ್ಕನಲ್ಲೇ ಕೇಳಿದಳು: "ಆಂಟಿ, ನಿಮಗೆ ಎಂತ ಕೇಳಿತು?"

ಅಕ್ಕ ಪಕ್ಕದ ಕಂಬಿ ಹಿಡಿದುಕೊಂಡು ಇನ್ನೊಂದು ಮೆಟ್ಟಿಲು ಇಳಿದರು. "ನನಗೆ ಎರಡೂ ಕೇಳಿತು ಮಗಾ."

ಇಬ್ಬರೂ ನಿಂತುಬಿಟ್ಟರು. ಹುಡುಗಿ ಅವರ ಮುಖವನ್ನು ದಿಟ್ಟಿಸಿದಳು. ಆ ಸ್ವರ ಯಾರದೆಂದು ಅವಳಿಗೆ ತಿಳಿಯಿತು.

"ಆಂಟಿ," ಎಂದಳು, "ಅದನ್ನು ಇನ್ನೊಮ್ಮೆ ಹೇಳ್ತೀರಾ?"

"ಆಗುದಿಲ್ಲ ಮಗಾ," ಎಂದರು ಅಕ್ಕ. "ಅದು ನಾನು ಹೇಳಿ ಆಯ್ತು."

ಅವಳ ಕೆನ್ನೆಯನ್ನು ಒಮ್ಮೆ ಮುಟ್ಟಿ, ಉಳ್ಳಾಲದ ಬಸ್ಸಿಗೆ ಹೊತ್ತಾಯಿತೆಂದು ನನ್ನ ಕೈಹಿಡಿದುಕೊಂಡು ರಸ್ತೆಗೆ ಇಳಿದರು.